ಸುಕ್ಕರ್ ಎಂಬ ಬೆಕ್ಕಿಗೆ ಆರು ವಾರ ಇನ್ಸುಲಿನ್

(ನಮ್ಮ ಕೂಟದ ತಿಂಗಳ ಸಭೆಯಲ್ಲಿ ಆಡಿದ ಮಾತು. ಬರೆದುಕೊಡಿ ಅಂದಿದ್ದಕ್ಕೆ ಬರೆದಿದ್ದೇನೆ.)



ಮೈಕ್ ಹಿಡಿದು ಮಾತಾಡಿ ನನಗೆ ಅಭ್ಯಾಸ ಇಲ್ಲ. ನಾನು ಹಾವೇರಿ ಕಡೆಯವನು. ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ ಶಾರ್ಜಾಕ್ಕೆ ಬಂದು ಒಂಬತ್ತು ವರ್ಷ ಆಯ್ತು. ಒಂದು ವಿಲ್ಲಾ ಕಾಂಪೌಂಡಿನ ಮೇಂಟೆನೆನ್ಸ್ ಕೆಲಸ. ಹೋದ ಸಭೆಯಲ್ಲಿ ಯಾರೋ, "ಬೆಕ್ಕಿಗೆ ಶುಗರ್ ಇಂಜೆಕ್ಷನ್ ಹಾಕ್ತೀಯಂತಲ್ಲಪ್ಪ, ಡಾಕ್ಟರ್ ಯಾವಾಗ ಆದೆ?" ಅಂತ ಕೇಳಿದ್ರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನಮ್ಮಲ್ಲಿ ಮನೆ ಡ್ರೈವರ್‌ಗಳಿದ್ದೀರಿ, ಅಡುಗೆಯವರಿದ್ದೀರಿ, ವಾಚ್‌ಮನ್‌ಗಳಿದ್ದೀರಿ. ಸಾಹೇಬರು ಊರಿಗೆ ಹೋಗುವಾಗ ಬೆಕ್ಕನ್ನೋ ನಾಯಿಯನ್ನೋ ನಿಮ್ಮ ಕೈಗೆ ಕೊಟ್ಟು ಹೋಗ್ತಾರೆ. ಜೊತೆಗೆ ಒಂದು ಇನ್ಸುಲಿನ್ ಬಾಟ್ಲಿಯನ್ನೂ ಕೊಟ್ಟರೆ ಏನು ಮಾಡ್ತೀರಿ? ಅದಕ್ಕೇ ಇವತ್ತಿನ ಮಾತು.

ನಮ್ಮ ಕಾಂಪೌಂಡಿನಲ್ಲಿ ವಯಸ್ಸಾದ ಮೇಡಂ ಒಬ್ಬರಿದ್ದಾರೆ, ಒಬ್ಬರೇ. ಅವರ ಬೆಕ್ಕಿನ ಹೆಸರು ಸುಕ್ಕರ್. ಅರಬ್ಬಿಯಲ್ಲಿ ಸುಕ್ಕರ್ ಅಂದ್ರೆ ಸಕ್ಕರೆ. ಬೆಳ್ಳಗಿತ್ತು ಅಂತ ಮರಿ ಇದ್ದಾಗಲೇ ಇಟ್ಟ ಹೆಸರು, ಕಾಯಿಲೆ ಬಂದಿದ್ದು ಹನ್ನೊಂದನೇ ವರ್ಷಕ್ಕೆ. ಮೊದಲು ಗೊತ್ತಾಗಿದ್ದು ನೀರಿನಿಂದ. ಬಟ್ಟಲು ಬಟ್ಟಲು ನೀರು ಕುಡಿಯೋದು, ಮೂತ್ರದ ಮರಳು ದಿನಾ ಮುದ್ದೆ ಮುದ್ದೆಯಾಗೋದು, ತಿಂದಷ್ಟೂ ಬಡಕಲಾಗೋದು. ಆಮೇಲೆ ಹಿಂಗಾಲಿನ ಹಿಮ್ಮಡಿ ನೆಲಕ್ಕೆ ತಾಗಿಸಿ ನಡೆಯೋಕೆ ಶುರು ಮಾಡ್ತು. ಬೆಕ್ಕು ಬೆರಳ ಮೇಲೆ ನಡೆಯೋ ಪ್ರಾಣಿ. ಶುಗರ್ ಹೆಚ್ಚಾಗಿ ನರ ಸೋತಾಗ ಹಾಗೆ ನಡೆಯುತ್ತಂತೆ.

ಮೇಡಂಗೆ ಮಂಡಿ ಆಪರೇಷನ್ ಇತ್ತು. ಮಗಳ ಊರಿಗೆ ಆರು ವಾರ ಹೋಗಬೇಕು. "ನಿನ್ನ ಕೈ ನಡುಗಲ್ಲ, ನೀನೇ ಹಾಕು" ಅಂದ್ರು. ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಕಲಿಸಿದರು. ಪಕ್ಕೆಯ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಟೆಂಟ್ ಥರ ಮಾಡಬೇಕು, ಅದರ ಬುಡಕ್ಕೆ ಸೂಜಿ. ಊಟದ ಬಟ್ಟಲಿಗೆ ಬಾಯಿ ಹಾಕಿದ್ರೆ ಬೆಕ್ಕಿಗೆ ಗೊತ್ತೂ ಆಗಲ್ಲ. ಗ್ಲಾರ್ಜಿನ್ ಅನ್ನೋ ಇನ್ಸುಲಿನ್, ಬೆಳಿಗ್ಗೆ ಏಳಕ್ಕೆ 2 ಯೂನಿಟ್, ಸಂಜೆ ಏಳಕ್ಕೆ 2 ಯೂನಿಟ್. ಬೆಕ್ಕು ಊಟ ಮುಟ್ಟದಿದ್ದರೆ ಸೂಜಿ ಹಾಕದೆ ಮೊದಲು ಫೋನ್ ಮಾಡು ಅಂತ ಡಾಕ್ಟರ್ ಎರಡು ಸಲ ಹೇಳಿದ್ರು.

ಇಲ್ಲಿ ಸಿರಿಂಜಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮನುಷ್ಯರಿಗೆ ಕೊಡೋ ಗ್ಲಾರ್ಜಿನ್ ಸಾಮಾನ್ಯವಾಗಿ ಯು-100, ಅಂದ್ರೆ ಒಂದು ಎಂಎಲ್‌ನಲ್ಲಿ 100 ಯೂನಿಟ್. ನನಗೆ ಕೊಟ್ಟಿದ್ದೂ ಅದೇ. ಪ್ರಾಣಿಗಳಿಗೇ ಅಂತ ಬರೋ ಕೆಲವು ಇನ್ಸುಲಿನ್ ಯು-40, ಒಂದು ಎಂಎಲ್‌ಗೆ 40 ಯೂನಿಟ್. ಎರಡಕ್ಕೂ ಸಿರಿಂಜ್ ಬೇರೆ ಬೇರೆ, ಗೆರೆಗಳೂ ಬೇರೆ. ಯು-40 ಸಿರಿಂಜಿನಲ್ಲಿ "2" ಅನ್ನೋ ಗೆರೆಗೆ ಯು-100 ಇನ್ಸುಲಿನ್ ಎಳೆದ್ರೆ ಒಳಗೆ ಬಂದಿರೋದು 2 ಅಲ್ಲ, 5 ಯೂನಿಟ್. ಎರಡೂವರೆ ಪಟ್ಟು! ಐದು ಆಂಪಿಯರಿನ ಲೈನಿಗೆ ಹನ್ನೆರಡೂವರೆ ಆಂಪಿಯರ್ ಹರಿಸಿದ ಹಾಗೆ, ಆದರೆ ಇಲ್ಲಿ ಟ್ರಿಪ್ ಆಗೋಕೆ ಎಂಸಿಬಿ ಇಲ್ಲ. ಸಿರಿಂಜ್ ಮುಗಿದಾಗ ಅಂಗಡಿಯವನು ಕೊಟ್ಟಿದ್ದನ್ನ ಹಾಗೇ ತರಬೇಡಿ. ಬಾಟ್ಲಿಯ ಮೇಲಿನ ನಂಬರು, ಸಿರಿಂಜಿನ ಮೇಲಿನ ನಂಬರು ಎರಡನ್ನೂ ಪಕ್ಕಪಕ್ಕ ಹಿಡಿದು ಓದಿ.

ಇನ್ಸುಲಿನ್ ಫ್ರಿಜ್‌ನಲ್ಲಿರಬೇಕು, ಫ್ರೀಜರಿನಲ್ಲಲ್ಲ. ಆಗಸ್ಟ್ ತಿಂಗಳಲ್ಲಿ ಪಿಕಪ್‌ನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟರೆ ಅದು ಕೆಡುತ್ತೆ, ನೋಡೋಕೆ ಮಾತ್ರ ಹಾಗೇ ಇರುತ್ತೆ. ಇದು ಬೆಕ್ಕಿನದ್ದಕ್ಕಷ್ಟೇ ಹೇಳಿದ್ದಲ್ಲ.

ರಕ್ತ ನೋಡೋದು ಕಿವಿಯ ಅಂಚಿನಿಂದ. ಕಿವಿಯನ್ನ ಬೆಚ್ಚಗೆ ಮಾಡಿ, ಹಿಂದೆ ಹತ್ತಿ ಇಟ್ಟು ಚುಚ್ಚಿದ್ರೆ ಒಂದು ಹನಿ ಬರುತ್ತೆ. ನಮ್ಮ ಗ್ಲೂಕೋಮೀಟರ್ ಬೆಕ್ಕಿನ ರಕ್ತದಲ್ಲಿ ನಿಜಕ್ಕಿಂತ ಕಡಿಮೆ ತೋರಿಸುತ್ತೆ, ಬೆಕ್ಕಿಗೇ ಹೊಂದಿಸಿದ ಮೀಟರ್ ಸಿಗುತ್ತೆ. ಮೇಡಂ ಅದನ್ನೇ ತಂದಿಟ್ಟಿದ್ರು. ಕ್ಲಿನಿಕ್ಕಿನಲ್ಲಿ ನೋಡಿದ್ರೆ 400, ಮನೆಯಲ್ಲಿ ನೋಡಿದ್ರೆ 280. ಹೆದರಿದ ಬೆಕ್ಕಿಗೆ ಹೆದರಿಕೆಯಿಂದಲೇ ಶುಗರ್ ಏರುತ್ತೆ. ಲೋಡ್ ಇಲ್ಲದಾಗ ಒಂದೇ ಸಲ ಮಲ್ಟಿಮೀಟರ್ ಇಟ್ಟು "ಲೈನ್ ಸರಿ ಇದೆ" ಅಂದ್ರೆ ನಮ್ಮ ಫೋರ್‌ಮನ್ ಬೈತಾರೆ, ಅಲ್ವಾ? ಇದೂ ಹಾಗೇ. ರಜೆ ದಿನ ಕೂತು ಎರಡೆರಡು ಗಂಟೆಗೆ ನೋಡಿ ಬರೆದೆ. ಏಳಕ್ಕೆ 310, ಒಂಬತ್ತಕ್ಕೆ 255, ಹನ್ನೊಂದಕ್ಕೆ 180, ಮಧ್ಯಾಹ್ನ ಒಂದಕ್ಕೆ 130, ಮೂರಕ್ಕೆ 145, ಐದಕ್ಕೆ 210, ಸಂಜೆ ಏಳಕ್ಕೆ 290. ಡಾಕ್ಟರಿಗೆ ಫೋಟೋ ಕಳಿಸಿದೆ. ನಾನು 310 ನೋಡಿ ಡೋಸ್ ಏರಿಸ್ತಾರೆ ಅಂದುಕೊಂಡಿದ್ದೆ. ಅವರು ನೋಡಿದ್ದು ನಡುವಿನ 130 ಅನ್ನ. "ಕೆಳಗೆ ಎಲ್ಲಿವರೆಗೆ ಇಳಿಯುತ್ತೆ ಅನ್ನೋದು ಮುಖ್ಯ. ಡೋಸ್ ಅಷ್ಟೇ ಇರಲಿ" ಅಂದ್ರು.

ಈಗ ನನ್ನ ತಪ್ಪಿನ ಕಥೆ. ನಾಲ್ಕನೇ ವಾರ. ಸಂಜೆ ಆರೂವರೆಗೆ ಇನ್ನೊಂದು ಬಿಲ್ಡಿಂಗಿನಲ್ಲಿ ಡಿಬಿ ಸುಟ್ಟ ವಾಸನೆ ಅಂತ ಕರೆ ಬಂತು. ನನ್ನ ರೂಮಿನ ಪ್ಲಂಬರ್, ರಾಯಚೂರಿನ ತಮ್ಮ, ಅವನಿಗೂ ಸೂಜಿ ಹಾಕೋದು ಕಲಿಸಿದ್ದೆ. ಫೋನ್ ಮಾಡಿ "ನಾನು ಬರದಿದ್ರೆ ನೀನು ಹಾಕಿಬಿಡು" ಅಂದೆ. ನೋಡಿ, "ಬರದಿದ್ರೆ" ಅಂದೆ. ಅದೇ ತಪ್ಪು. ಕೆಲಸ ಮುಗಿಸಿ ಏಳೂಮುಕ್ಕಾಲಿಗೆ ಬಂದೆ, ಮೊಬೈಲ್ ಚಾರ್ಜ್ ಸತ್ತಿತ್ತು. ಸುಕ್ಕರ್ ಖಾಲಿ ಬಟ್ಟಲ ಮುಂದೆ ಕೂತು ಕೂಗ್ತಾ ಇತ್ತು. ಇನ್ನೂ ಆಗಿಲ್ಲ ಅಂದುಕೊಂಡು ಊಟ ಇಟ್ಟೆ, ಸೂಜಿ ಹಾಕಿದೆ. ಹತ್ತು ನಿಮಿಷಕ್ಕೆ ತಮ್ಮ ಬಂದ. "ಅಣ್ಣಾ, ನಾ ಏಳಕ್ಕೇ ಹಾಕೀನಲ್ಲ!"

ಕೈಕಾಲು ತಣ್ಣಗಾಯ್ತು. ಕ್ಲಿನಿಕ್ಕಿಗೆ ಫೋನ್ ಮಾಡಿದ್ವಿ. ಊಟ ಮುಂದಿಡಿ, ಗಂಟೆಗೊಮ್ಮೆ ರಕ್ತ ನೋಡಿ, ಬಿಟ್ಟು ಮಲಗಬೇಡಿ ಅಂದ್ರು. ಒಂಬತ್ತಕ್ಕೆ 190, ಹತ್ತಕ್ಕೆ 120, ಹನ್ನೊಂದಕ್ಕೆ 58. ಎದ್ದು ನಿಂತ ಬೆಕ್ಕು ಕುಡಿದವನ ಹಾಗೆ ಓಲಾಡಿ ಪಕ್ಕಕ್ಕೆ ಬಿತ್ತು. ಜೇನುತುಪ್ಪವನ್ನ ಬೆರಳಿಗೆ ಹಚ್ಚಿ ಒಸಡಿಗೆ ತಿಕ್ಕಿದೆ. ನುಂಗಲಾರದ ಪ್ರಾಣಿಯ ಬಾಯಿಗೆ ಸುರಿಯಬಾರದು, ಉಸಿರಿನ ದಾರಿಗೆ ಹೋಗುತ್ತೆ. ಅಷ್ಟರಲ್ಲಿ ತಮ್ಮ ಟ್ಯಾಕ್ಸಿ ನಿಲ್ಲಿಸಿದ್ದ. ರಾತ್ರಿಯೆಲ್ಲ ತೆರೆದಿರೋ ಆಸ್ಪತ್ರೆಯಲ್ಲಿ ಬೆಳಗಿನವರೆಗೆ ಗ್ಲೂಕೋಸ್ ಡ್ರಿಪ್. ಜೇನಿನ ಕೆಲಸ ದಾರಿಯವರೆಗೆ ಮಾತ್ರ, ಇನ್ಸುಲಿನ್ ಗಂಟೆಗಟ್ಟಲೆ ಒಳಗೆ ಕೆಲಸ ಮಾಡ್ತಾನೇ ಇರುತ್ತೆ.

ಬೆಂಚಿನ ಮೇಲೆ ಕೂತು ನನಗೆ ಬಂದ ಮೊದಲ ಯೋಚನೆ ಹೇಳಿಬಿಡ್ತೀನಿ, ನಾಚಿಕೆ ಆದರೂ. ಮೇಡಂಗೆ ಹೇಳದೆ ಮುಚ್ಚಿಡಬಹುದಾ ಅಂತ. ಬಿಲ್ಲು ನನ್ನ ಅರ್ಧ ತಿಂಗಳ ಸಂಬಳ. ಕೆಲಸದ ಭಯ ಬೇರೆ. ಆಮೇಲೆ ಡಾಕ್ಟರಮ್ಮ ಕೇಳಿದ್ರು, "ಎಷ್ಟು ಯೂನಿಟ್, ಎಷ್ಟು ಗಂಟೆಗೆ?" ಅಲ್ಲಿ ಸುಳ್ಳು ಹೇಳಿದ್ರೆ ಬೆಕ್ಕು ಸಾಯುತ್ತೆ. ಅಲ್ಲಿ ನಿಜ ಹೇಳಿದ ಮೇಲೆ ಮೇಡಂಗೂ ಬೆಳಿಗ್ಗೆ ಫೋನಿನಲ್ಲಿ ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ "ತಿಂತಿದ್ದಾನಾ?" ಅಂತ ಕೇಳಿದ್ರು. ಬಿಲ್ಲಿನಲ್ಲಿ ಅರ್ಧ ನಾನೇ ಕೊಟ್ಟೆ, ಬೇಡ ಅಂದ್ರೂ.

ಡಾಕ್ಟರಮ್ಮ ಹೇಳಿದ ಒಂದು ಮಾತಿಗಾಗಿ ಇಷ್ಟೆಲ್ಲ ಹೇಳಿದೆ. ಸೂಜಿ ಹಾಕಿದ್ದೇವಾ ಇಲ್ಲವಾ ಅನ್ನೋ ಅನುಮಾನ ಬಂದ್ರೆ ಹಾಕಬೇಡಿ. ಅರ್ಧ ಔಷಧ ಹೊರಗೆ ಚೆಲ್ಲಿತು ಅನ್ನಿಸಿದ್ರೂ ಮತ್ತೆ ಹಾಕಬೇಡಿ. ಬೆಕ್ಕಿಗೆ ಒಂದು ಹೊತ್ತು ತಪ್ಪಿದ್ರೆ ಶುಗರ್ ಏರುತ್ತೆ, ಮುಂದಿನ ಹೊತ್ತಿಗೆ ಸರಿ ಮಾಡಬಹುದು. ಎರಡು ಸಲ ಬಿದ್ರೆ ರಾತ್ರಿಯೊಳಗೆ ಪ್ರಾಣ ಹೋಗಬಹುದು. ನಮ್ಮಲ್ಲಿ ಇನ್ಸುಲಿನ್ ತಗೊಳ್ಳೋ ಅಣ್ಣಂದಿರು, ಓವರ್‌ಟೈಮಿನಲ್ಲಿ ಊಟ ತಪ್ಪಿದಾಗ, ಡೋಸ್ ಮರೆತಾಗ ಏನು ಮಾಡಬೇಕು ಅಂತ ನಿಮ್ಮ ಡಾಕ್ಟರನ್ನ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಬೆಕ್ಕಿನ ಲೆಕ್ಕ ನಿಮಗೆ ಹಾಕೋಕೆ ನಾನು ಯಾರು?

ನನಗೆ ಸಿಟ್ಟು ಬಂದಿದ್ದು ನನ್ನ ಮೇಲೇ. ಡಿಬಿ ಬಿಚ್ಚುವಾಗ ಬೀಗ ಹಾಕಿ, ಹೆಸರು, ಟೈಮು ಬರೆದು ಟ್ಯಾಗ್ ತೂಗು ಹಾಕ್ತೀವಿ. ಟ್ಯಾಗ್ ಇದ್ದರೆ ಇನ್ನೊಬ್ಬ ಸ್ವಿಚ್ ಮುಟ್ಟಲ್ಲ. ಒಂಬತ್ತು ವರ್ಷದಿಂದ ದಿನಾ ಮಾಡೋ ಕೆಲಸ, ಬೆಕ್ಕಿನ ವಿಷಯದಲ್ಲಿ ಹೊಳೆಯಲಿಲ್ಲ. ಮಾರನೇ ದಿನವೇ ಫ್ರಿಜ್ ಬಾಗಿಲಿಗೆ ಹಾಳೆ ಅಂಟಿಸಿದೆ: ತಾರೀಖು, ಬೆಳಿಗ್ಗೆ, ಸಂಜೆ, ಎಷ್ಟು ಯೂನಿಟ್, ಯಾರ ಸಹಿ. ಸೂಜಿ ಹಾಕಿದವನು ಅಲ್ಲಿಂದ ಕದಲೋ ಮೊದಲು ಸಹಿ ಹಾಕಬೇಕು. ಬಂದವನು ಬಾಟ್ಲಿ ಮುಟ್ಟೋ ಮೊದಲು ಹಾಳೆ ನೋಡಬೇಕು. "ಬರದಿದ್ರೆ ಹಾಕು" ಅನ್ನೋ ಮಾತೇ ಇಲ್ಲ. ಇವತ್ತು ಸಂಜೆ ನಿನ್ನದು ಅಂದ್ರೆ ನಿನ್ನದು, ನಾನು ಬಂದರೂ ನಿನ್ನದೇ.

ಮೇಡಂ ಕೋಲು ಹಿಡಿದು ವಾಪಸ್ ಬಂದ್ರು. ಸುಕ್ಕರ್ ಈಗ ಒಂದೂವರೆ ಯೂನಿಟ್‌ನಲ್ಲಿದೆ, ಹಿಂಗಾಲು ಸ್ವಲ್ಪ ಎತ್ತಿ ನಡೆಯುತ್ತೆ. ಹಾಳೆ ಇನ್ನೂ ಇದೆ. ಮೇಡಂ ಅರಬ್ಬಿಯಲ್ಲಿ ಸಹಿ ಹಾಕ್ತಾರೆ, ರಾಯಚೂರಿನ ತಮ್ಮ ಕನ್ನಡದಲ್ಲಿ.

ಎರಡೂ ಥರದ ಖಾಲಿ ಸಿರಿಂಜ್ ತಂದಿದ್ದೀನಿ. ಗೆರೆಗಳ ವ್ಯತ್ಯಾಸ ನೋಡಬೇಕು ಅನ್ನೋರು ಊಟ ಆದ ಮೇಲೆ ನನ್ನ ಹತ್ರ ಬನ್ನಿ.