ಕೊಳಗದ ಅಳತೆ, ಮತದ ಲೆಕ್ಕ

(ಮಲೆನಾಡಿನ ಊರೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



‘ನೀವು ಯಾವ ಪಕ್ಷ?’ ಎಂದು ಕೇಳಿದರೆ ನಮ್ಮ ಕಡೆಯ ಹಳಬರು ಒಂದು ಮಾತಿನಲ್ಲಿ ಉತ್ತರ ಕೊಡುತ್ತಿರಲಿಲ್ಲ. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಒಂದು ಕಥೆ ಶುರು ಮಾಡುತ್ತಿದ್ದರು. ಗದ್ದೆಯ ಕಥೆ, ಸಾಲದ ಕಥೆ, ಯಾವನೋ ಒಬ್ಬ ಕಷ್ಟಕಾಲದಲ್ಲಿ ಬಂದು ನಿಂತ ಕಥೆ. ಅದು ಮುಗಿಯುವ ಹೊತ್ತಿಗೆ ಪಕ್ಷ ಯಾವುದೆಂದು ಬೇರೆಯಾಗಿ ಹೇಳಬೇಕಾಗಿರಲಿಲ್ಲ. ಈಗ ಪಕ್ಷದ ಹೆಸರು ಮೊದಲು ಬರುತ್ತದೆ. ಆಮೇಲೆ ಬರುವುದು ಕಥೆಯಲ್ಲ, ಬೈಗುಳ.

ಸಾಗರ ತಾಲೂಕಿನ ಕಾಗೋಡಿನ ಹೆಸರು ನಿಮಗೆಲ್ಲ ಗೊತ್ತು. 1951ರಲ್ಲಿ ಅಲ್ಲಿ ರೈತ ಸತ್ಯಾಗ್ರಹ ನಡೆಯಿತು. ಅದರ ಬೇರು ಇದ್ದದ್ದು ಯಾವ ದೊಡ್ಡ ಸಿದ್ಧಾಂತದಲ್ಲೂ ಅಲ್ಲ, ಒಂದು ಕೊಳಗದಲ್ಲಿ. ಗೇಣಿಯ ಭತ್ತ ಅಳೆದುಕೊಳ್ಳುವಾಗ ಭೂಮಾಲೀಕರು ಬಳಸುತ್ತಿದ್ದ ಕೊಳಗ ವಾಡಿಕೆಯ ಅಳತೆಗಿಂತ ದೊಡ್ಡದು ಎಂಬುದು ಗೇಣಿದಾರರ ದೂರು. ಎಚ್. ಗಣಪತಿಯಪ್ಪ ಅವರನ್ನು ಸಂಘಟಿಸಿದರು. ಸಮಾಜವಾದಿಗಳು ಜೊತೆಗೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. 1952ರಲ್ಲಿ ಶಾಂತವೇರಿ ಗೋಪಾಲಗೌಡರು ಗೆದ್ದು ಶಾಸನಸಭೆಗೆ ಹೋದಾಗ, ಅವರಿಗೆ ಮತ ಹಾಕಿದ ಗೇಣಿದಾರರಲ್ಲಿ ಎಷ್ಟು ಮಂದಿ ಸಮಾಜವಾದದ ಪುಸ್ತಕ ಓದಿದ್ದರು? ಕೊಳಗ ಮಾತ್ರ ಎಲ್ಲರಿಗೂ ಗೊತ್ತಿತ್ತು.

ಇನ್ನೊಂದು ಸಂಗತಿ ನೋಡಿ. 1951ರಲ್ಲಿ ಸತ್ಯಾಗ್ರಹಿಗಳನ್ನು ಸೆರೆಮನೆಗೆ ಕಳಿಸಿದ್ದು ಕಾಂಗ್ರೆಸ್ ಸರ್ಕಾರ. ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯ ಮೂಲಕ ಗೇಣಿದಾರನಿಗೆ ಉಳುವ ಭೂಮಿಯನ್ನು ಕೊಟ್ಟದ್ದೂ ಕಾಂಗ್ರೆಸ್ ಸರ್ಕಾರವೇ. ಅದನ್ನು ನೋಡಲು ಗೋಪಾಲಗೌಡರು ಇರಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು. ಹಾಗಾಗಿ ಒಂದೇ ಮನೆಯಲ್ಲಿ ಅಜ್ಜ ಕಾಂಗ್ರೆಸ್ಸನ್ನು ಶಪಿಸುವುದಕ್ಕೂ, ಮಗ ಅದಕ್ಕೇ ಮತ ಹಾಕುವುದಕ್ಕೂ ಒಂದೇ ಗದ್ದೆ ಕಾರಣವಾಗಬಹುದಿತ್ತು. ಇಬ್ಬರೂ ದಡ್ಡರಲ್ಲ.

ಆ ಕಾನೂನಿಗೆ ಇನ್ನೊಂದು ಮಗ್ಗುಲಿತ್ತು. ನಾವು, ಭೂಮಿ ಪಡೆದ ಮನೆಯವರು, ಅದನ್ನು ಹೇಳುವುದು ಕಡಿಮೆ. ಗೇಣಿಗೆ ಕೊಟ್ಟ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಸೈನಿಕರು, ನಾವಿಕರನ್ನು ಬಿಟ್ಟರೆ ಯಾರಿಗೂ ರಿಯಾಯಿತಿ ಇರಲಿಲ್ಲ. ನೂರಾರು ಎಕರೆಯ ಒಡೆಯನೂ ಒಂದೆರಡು ಎಕರೆ ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯೂ ಅಲ್ಲಿ ಒಂದೇ. ಕಾನೂನು ಬೇಕೇ ಬೇಕಿತ್ತು ಎಂದು ನಾನು ಇವತ್ತೂ ಹೇಳುತ್ತೇನೆ. ಆದರೆ ಆ ವಿಧವೆಯ ಮನೆಯವರು ಮುಂದೆ ಯಾವ ಪಕ್ಷಕ್ಕೆ ಮತ ಹಾಕಿದರು, ಏಕೆ ಹಾಕಿದರು ಎಂಬುದು ಜಾತಿಯ ಲೆಕ್ಕವೊಂದರಿಂದಲೇ ತಿಳಿಯುವುದಿಲ್ಲ.

ಅಂಥ ಮನೆಯೊಂದು ನಮ್ಮೂರಲ್ಲೇ ಇತ್ತು. ಆ ಅಮ್ಮನ ಎರಡು ಎಕರೆಗೆ ನಮ್ಮ ತಂದೆ ಗೇಣಿದಾರ. ತಂದೆ ನಮೂನೆ 7ರ ಅರ್ಜಿ ಹಾಕಿದರು, ಭೂಮಿ ನಮ್ಮದಾಯಿತು. ಆ ಗದ್ದೆಯ ಅನ್ನ ಉಂಡೇ ನಾನು ಓದಿದೆ. ಅವರ ಮೊಮ್ಮಗನೂ ನಾನೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು. 2018ರ ಚುನಾವಣೆಯ ದಿನಗಳಲ್ಲಿ ಮದುವೆ ಮನೆಯೊಂದರಲ್ಲಿ ನಮ್ಮಿಬ್ಬರಿಗೆ ಮಾತಿಗೆ ಮಾತು ಬೆಳೆಯಿತು. ‘ಪುಕ್ಕಟೆ ತಿಂದವರು’ ಎಂದ. ನಾನು ಅದಕ್ಕಿಂತ ಕೀಳಾದ ಮಾತೊಂದನ್ನು ಅವನ ಅಜ್ಜಿಯ ಮೇಲೆ ಆಡಿದೆ, ಇಲ್ಲಿ ಹೇಳಲಾರೆ. ನಾಲ್ಕು ವರ್ಷ ಮಾತು ನಿಂತಿತು. ಐವತ್ತು ವರ್ಷದ ಸ್ನೇಹದಲ್ಲಿ ಆ ಗದ್ದೆಯ ವಿಷಯ ನಾವು ಒಮ್ಮೆಯೂ ಎತ್ತಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಕೊನೆಗೆ ನಾನೇ ಅವನ ಮನೆಗೆ ಹೋದೆ. ಪಕ್ಷದ ಸುದ್ದಿ ಎತ್ತಲಿಲ್ಲ. ‘ನ್ಯಾಯಮಂಡಳಿಯ ದಿನ ಅಜ್ಜಿ ಏನೆಂದಳು?’ ಎಂದು ಕೇಳಿದೆ. ಭೂನ್ಯಾಯಮಂಡಳಿಗೆ ಆಗ ವಕೀಲರು ಬರುವಂತಿರಲಿಲ್ಲ. ಒಡೆಯರು, ಗೇಣಿದಾರರು ತಾವೇ ಎದುರುಬದುರು ನಿಂತು ಮಾತಾಡಬೇಕಿತ್ತು. ಅವನು ಬಹಳ ಹೊತ್ತು ಸುಮ್ಮನಿದ್ದು ಹೇಳಿದ: ಅಜ್ಜಿ ಅಂದು ಊರು ಬಿಟ್ಟದ್ದು ಬೆಳಗಿನ ಬಸ್ಸಿಗೆ. ನಮ್ಮ ತಂದೆಯೂ ಅದೇ ಬಸ್ಸಿಗೆ ಹತ್ತಿದ್ದರಂತೆ. ಹೋಗುವಾಗಲೂ ಬರುವಾಗಲೂ ಅವಳ ಟಿಕೆಟ್ ತೆಗೆದದ್ದು ಅವರೇ. ಬರುವಾಗ ಅಜ್ಜಿ ಬೇಡವೆಂದಳು, ಆಮೇಲೆ ಟಿಕೆಟ್ ತೆಗೆದುಕೊಂಡಳು.

ನಮ್ಮ ತಂದೆ ಈ ವಿಷಯವನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.