ಹಕ್ಕಿಯ ಮೂರನೆಯ ರೆಪ್ಪೆ
(ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣ)



ಹಕ್ಕಿಗಳ ಬಗ್ಗೆ ನಾಲ್ಕು ಮಾತು ಹೇಳಿರಿ ಎಂದಾಗ ನನಗೆ ಮೊದಲು ನೆನಪಾದದ್ದು ನಾನೇ ಮಾಡಿದ ಒಂದು ತಪ್ಪು. ಆಗ ಒಂಬತ್ತನೇ ಇಯತ್ತೆಯಲ್ಲಿದ್ದೆ. ಬಿಳಿಜೋಳ ಹಾಲುಗಾಳಿಗೆ ಬಂದಿತ್ತು. ಅಟ್ಟದ ಮೇಲೆ ಕುಳಿತು ಹಕ್ಕಿ ಕಾಯುತ್ತಿದ್ದೆ. ಬೆದರಿಸಲೆಂದು ಬೀಸಿದ ಕವಣೆಯ ಕಲ್ಲು ಗಿಳಿಯೊಂದರ ತಲೆಗೆ ತಾಗಿತು. ಎತ್ತಿಕೊಂಡು ನೋಡಿದರೆ ಒಂದು ಕಣ್ಣು ಒಡೆದಿತ್ತು. ಇನ್ನೊಂದರ ಮೇಲೆ ತೆಳ್ಳಗಿನ ಬಿಳಿ ಪರದೆ ಸರಿದು ಬರುತ್ತಿತ್ತು, ಮತ್ತೆ ಹಿಂದೆ ಹೋಗುತ್ತಿತ್ತು. ಆ ಕಣ್ಣಿಗೂ ಹೂ ಬಿತ್ತು ಎಂದು ಅಂಜಿದೆ.

ಮರುದಿನ ವಿಜ್ಞಾನದ ಗುರುಗಳನ್ನು ಕೇಳಿದೆ. ಅವರು ಬೈಯಲಿಲ್ಲ. ಅದು ಹೂವಲ್ಲ, ಹಕ್ಕಿಯ ಮೂರನೆಯ ರೆಪ್ಪೆ ಎಂದರು. ಕೊಕ್ಕಿನ ಕಡೆಯ ಮೂಲೆಯಿಂದ ಅಡ್ಡಲಾಗಿ ಸರಿದು, ಧೂಳು ಒರೆಸಿ, ಕಣ್ಣಿಗೆ ತೇವ ಹಚ್ಚಿ ಹೋಗುತ್ತದೆ. ನಮಗೂ ಅದರ ಕುರುಹು ಉಳಿದಿದೆ. ಮಕ್ಕಳೇ, ಮನೆಗೆ ಹೋಗಿ ಕನ್ನಡಿಯಲ್ಲಿ ನೋಡಿಕೊಳ್ಳಿರಿ, ಮೂಗಿನ ಬದಿಯ ಕಣ್ಣಂಚಿನಲ್ಲಿ ಒಂದು ಸಣ್ಣ ಮಡಿಕೆ ಇದೆ. ಗಿಳಿ ಮೂರನೆಯ ದಿನ ಸತ್ತಿತು. ಆಮೇಲೆ ನಾನು ಕವಣೆ ಮುಟ್ಟಲಿಲ್ಲ, ಡಬ್ಬಿ ಬಾರಿಸಿಯೇ ಹಕ್ಕಿ ಓಡಿಸಿದೆ.

ಆ ರೆಪ್ಪೆಯ ಕೆಲಸ ನೋಡಲು ದೂರ ಹೋಗಬೇಕಿಲ್ಲ. ನಮ್ಮ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತಲ್ಲ, ಚಳಿಗಾಲಕ್ಕೆ ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯವು. ಹಿಮಾಲಯ ದಾಟುವಾಗ ಕೆಲವು 7000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಹಾರುವಾಗ ಗಾಳಿಗೆ ಕಣ್ಣು ಒಣಗದಂತೆ ಕಾಯುವುದು ಈ ರೆಪ್ಪೆಯೇ. ಗೂಬೆಯ ಕಣ್ಣು ಮುಂದಕ್ಕಿದೆ, ಗುಣಿಯಲ್ಲಿ ಹೊರಳುವುದಿಲ್ಲ, ಅದು ಕತ್ತನ್ನೇ ತಿರುಗಿಸಬೇಕು. ಹೆಬ್ಬಾತಿನ ಕಣ್ಣು ತಲೆಯ ಎರಡೂ ಬದಿಗಿವೆ, ಶೇಂಗಾ ಹೊಲದಲ್ಲಿ ಮೇಯುತ್ತಲೇ ಪಕ್ಕದಿಂದ ಬರುವ ನಾಯಿಯನ್ನು ಕಾಣುತ್ತದೆ.

ಬಾತುಗಳು ಒಂದು ಕಣ್ಣು ತೆರೆದು ಮಲಗುವುದುಂಟು. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಾಲಿನ ಅಂಚಿಗೆ ಮಲಗಿದ ಬಾತುಗಳು ಹೊರಬದಿಯ ಕಣ್ಣನ್ನೇ ಹೆಚ್ಚಾಗಿ ತೆರೆದಿಟ್ಟಿದ್ದವು. ಮಿದುಳಿನ ಅರ್ಧ ನಿದ್ದೆಯಲ್ಲಿ, ಅರ್ಧ ಎಚ್ಚರದಲ್ಲಿ. ಮೊಬೈಲ್ ಹಿಡಿದು ನೀರಿನಂಚಿಗೆ ಇಳಿಯುವ ನಮ್ಮನ್ನೂ ಆ ಕಣ್ಣು ನೋಡುತ್ತಿರುತ್ತದೆ. ನಾವು ಎಬ್ಬಿಸಿದಷ್ಟೂ ಮರುಪ್ರಯಾಣಕ್ಕೆ ಕೂಡಿಟ್ಟ ಕೊಬ್ಬು ಕರಗುತ್ತದೆ.

ಈ ಡಿಸೆಂಬರಿನಲ್ಲಿ ಮಕ್ಕಳನ್ನು ಕರೆದೊಯ್ಯುವ ಗುರುಗಳು ಒಂದು ದುರ್ಬೀನು ಒಯ್ಯಿರಿ, ಒಡ್ಡಿನ ಮೇಲೆಯೇ ನಿಲ್ಲಿರಿ. ಒಂದೇ ಹೆಬ್ಬಾತಿನ ಕಣ್ಣನ್ನು ತಾಳ್ಮೆಯಿಂದ ನೋಡುತ್ತಿದ್ದರೆ, ಆ ಪರದೆ ಸರಕ್ಕನೆ ಬಂದು ಹೋಗುವುದು ಕಂಡೀತು.