ನಾಲ್ಕು ಅಂಕದ ಕರ್ಣ

ಇವತ್ತು ರಾಜಕೀಯ ಬೇಡ. ಒಂದು ತಪ್ಪೊಪ್ಪಿಗೆ ಇದೆ, ಅದನ್ನು ಹೇಳಿಬಿಡ್ತೀನಿ.

ಹೈಸ್ಕೂಲಿನಲ್ಲಿ ನನಗೆ ಹಳೆಯ ಕಾವ್ಯ ಅಂದ್ರೆ ಆಗ್ತಿರಲಿಲ್ಲ. ಅದರಲ್ಲೂ ಕುಮಾರವ್ಯಾಸ. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿ ಅನ್ನೋರು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು-ನಾಲ್ಕು, ಮೂರು-ನಾಲ್ಕು. ಒಂದು, ಎರಡು, ನಾಲ್ಕು, ಐದನೇ ಸಾಲುಗಳಿಗೆ 14 ಮಾತ್ರೆ. ಮೂರು ಮತ್ತು ಆರನೆಯದಕ್ಕೆ 23. ಒಟ್ಟು 102. ಲೆಕ್ಕ ನನಗೆ ಸಲೀಸು, ಮುಂದೆ ಇಂಜಿನಿಯರಿಂಗ್ ಓದಿದವನಲ್ವಾ? ಅಂಕ ಪೂರ್ತಿ ಬರ್ತಿತ್ತು. ಪದ್ಯ ಮಾತ್ರ ಒಂದೂ ಒಳಗೆ ಇಳಿಯಲಿಲ್ಲ. ಹತ್ತನೇ ಕ್ಲಾಸಿನ ಕನ್ನಡ ಪರೀಕ್ಷೆ ಬರೆದು ಪೀಡೆ ತೊಲಗಿತು ಅಂದುಕೊಂಡು ಮನೆಗೆ ಬಂದೆ.

2022ರ ಜನವರಿ. ಪದ್ಮ ಪ್ರಶಸ್ತಿಗಳ ಪಟ್ಟಿ ಬಂತು. ಅದರಲ್ಲಿ ಶಿವಮೊಗ್ಗ ಬಳಿಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರ ಹೆಸರಿತ್ತು. ಗಮಕ ಅಂದ್ರೇನು ಅಂತ ಎರಡು ನಿಮಿಷದಲ್ಲಿ ನಿಮಗೆ ಹೇಳಬೇಕಿತ್ತು. ಒಬ್ಬರು ಕಾವ್ಯವನ್ನು ರಾಗವಾಗಿ ವಾಚನ ಮಾಡ್ತಾರೆ, ಇನ್ನೊಬ್ಬರು ಅರ್ಥ ಬಿಡಿಸಿ ಹೇಳ್ತಾರೆ. ಅಷ್ಟು ಹೇಳಿ ಮುಗಿಸಿದೆ. ನಿಜ ಹೇಳಬೇಕಂದ್ರೆ ಅಲ್ಲಿಯವರೆಗೆ ನಾನು ಒಮ್ಮೆಯೂ ಗಮಕ ಕೇಳಿರಲಿಲ್ಲ.

ಆ ನಾಚಿಕೆಗೇ ರಾತ್ರಿ ಮನೆಗೆ ಹೋಗುವಾಗ ಕಾರಿನಲ್ಲಿ ಒಂದು ಗಮಕದ ರೆಕಾರ್ಡಿಂಗ್ ಹಾಕಿದೆ. ಗದುಗಿನ ಭಾರತದ ಉದ್ಯೋಗಪರ್ವ. ಸಂಧಾನ ಮುರಿದುಬಿದ್ದಿದೆ. ಕೃಷ್ಣ ಕರ್ಣನನ್ನು ರಥದಲ್ಲಿ ಪಕ್ಕ ಕೂರಿಸಿಕೊಂಡು ಹುಟ್ಟಿನ ಗುಟ್ಟು ಹೇಳ್ತಾನೆ: ನೀನು ಕುಂತಿಯ ಮಗ, ಬಾ, ರಾಜ್ಯ ನಿನ್ನದೇ. ಕರ್ಣನ ಗಂಟಲು ಕಟ್ಟುತ್ತೆ, ಕಣ್ಣು ತುಂಬುತ್ತೆ. ಈ ಒಂದು ಮಾತಿನಿಂದ ನೀನು ದುರ್ಯೋಧನನನ್ನು ಕೊಂದೇಬಿಟ್ಟೆ ಅಂತ ಕೃಷ್ಣನಿಗೇ ಹೇಳ್ತಾನೆ. ಆದರೂ ತನ್ನನ್ನು ಸಾಕಿದ ಒಡೆಯನನ್ನು ಬಿಟ್ಟು ಬರಲ್ಲ ಅಂತಾನೆ. ಯುದ್ಧದಲ್ಲಿ ಅವನ ಋಣಕ್ಕೆ ತಲೆ ಕೊಡ್ತೀನಿ, ಆ ಐವರನ್ನು ಮಾತ್ರ ನೋಯಿಸಲ್ಲ ಅಂತಾನೆ.

ಇದೇ ಭಾಗ ನನಗೆ ಪಾಠಕ್ಕಿತ್ತು! ಸಂದರ್ಭ ಸಹಿತ ಸ್ವಾರಸ್ಯ ಬರೆದು ನಾಲ್ಕು ಅಂಕ ತಗೊಂಡಿದ್ದೆ. ಈಗ ಅದೇ ಮೂರು-ನಾಲ್ಕರ ನಡೆ ಮನುಷ್ಯರ ದನಿಯಲ್ಲಿ ಕೇಳಿಸ್ತಿತ್ತು. ಶಾಲೆಯಲ್ಲಿ ನಾನು ಎಣಿಸಿದ್ದೆ, ಕೇಳಿರಲಿಲ್ಲ. ಕಾರು ಪಕ್ಕಕ್ಕೆ ನಿಲ್ಲಿಸಿದೆ.

ಯಾಕೆ ಗೊತ್ತಾ? ಅದಕ್ಕೆ ಎರಡು ತಿಂಗಳ ಹಿಂದೆ ನಾನು ಕೆಲಸ ಬದಲಿಸಿದ್ದೆ. ಏನೂ ಗೊತ್ತಿಲ್ಲದ ಇಂಜಿನಿಯರ್ ಹುಡುಗನನ್ನು ನಂಬಿ ಕ್ಯಾಮೆರಾ ಮುಂದೆ ನಿಲ್ಲಿಸಿದ ಹಿರಿಯರೊಬ್ಬರು ಹಳೆಯ ಕಡೆ ಇದ್ದರು. ಅವರಿಗೆ ನಾನು ಬಿಟ್ಟು ಹೋಗ್ತಿರೋದನ್ನು ವಾಟ್ಸಾಪ್‌ನಲ್ಲಿ ತಿಳಿಸಿದ್ದೆ. ಎದುರಿಗೆ ಹೋಗಿ ಹೇಳೋ ಧೈರ್ಯ ಇರಲಿಲ್ಲ.

ಹೆಚ್ಚು ಸಂಬಳ ಸಿಗೋ ಕಡೆ ಹೋಗೋದು ತಪ್ಪಲ್ಲ. ಕರ್ಣ ಮಾಡಿದ್ದೇ ಸರಿ ಅಂತಲೂ ಅಲ್ಲ; ಅವನ ನಿಷ್ಠೆ ಹೋಗಿ ನಿಂತಿದ್ದು ಅನ್ಯಾಯದ ಪಕ್ಕದಲ್ಲಿ. ಆದರೆ ಋಣ ಅಂದ್ರೇನು, ಅದನ್ನು ಹೇಗೆ ತೀರಿಸಬೇಕು? ಆ ಪ್ರಶ್ನೆಗೆ ನಾಲ್ಕು ಅಂಕದ ಉತ್ತರ ಇರಲಿಲ್ಲ.

ಮರುದಿನ ಅವರ ಮನೆಗೆ ಹೋದೆ. ಕಾಫಿ ಕೊಟ್ಟರು. ಕ್ಷಮೆ ಕೇಳಿದೆ, ಕರ್ಣನ ಕಥೆಯನ್ನೂ ಹೇಳಿದೆ. ಅವರು ನಕ್ಕು, "ಹಾಗಾದ್ರೆ ನಾನೇನು ದುರ್ಯೋಧನನೇನಯ್ಯಾ?" ಅಂದರು. ಇಬ್ಬರೂ ನಕ್ಕೆವು. ಎದೆ ಹಗುರಾಯ್ತು.

ಮೇಷ್ಟ್ರನ್ನು ದೂರಲ್ಲ, ಅವರಿಗೆ ಪರೀಕ್ಷೆ ಮುಗಿಸಬೇಕಿತ್ತು. ಆದರೆ ನಿಮ್ಮ ಮನೆಯಲ್ಲಿ ಷಟ್ಪದಿ ಎಣಿಸ್ತಾ ಕೂತಿರೋ ಮಗು ಇದ್ರೆ, ಎಣಿಸೋಕೆ ಮುಂಚೆ ಒಂದು ಸಲ ಕೇಳಿಸಿ. ನೀವೂ ಪಕ್ಕದಲ್ಲಿ ಕೂತ್ಕೊಳ್ಳಿ. ಈ ಕಾವ್ಯ ಆರು ಶತಮಾನದ ಹತ್ತಿರ ಉಳಿದಿರೋದು ಓದಲು ಬಂದವರಿಂದ ಮಾತ್ರ ಅಲ್ಲ, ಜಗಲಿಯ ಮೇಲೆ ಕೂತು ಕೇಳಿದವರಿಂದಲೂ.